ಹೋರಿ ಹಾಯ್ದರೆ ರೊಕ್ಕ ಯಾರು ಕೊಡುತ್ತಾರೆ?

ಆಸ್ಟಿನ್‌ನ ಸ್ಟೇಡಿಯಂನಲ್ಲಿ ಬೀವೋನ ಫೋಟೋ ತೆಗೆದು ದೊಡ್ಡಪ್ಪನ ಮಗ ಅಣ್ಣನಿಗೆ ಕಳಿಸಿದ್ದೆ. ಬೀವೋ ಅಂದರೆ ಟೆಕ್ಸಾಸ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಜೀವಂತ ಲಾಂಛನ, ಲಾಂಗ್‌ಹಾರ್ನ್ ತಳಿಯ ಎತ್ತು. 1916ರಿಂದ ಒಂದಾದ ಮೇಲೊಂದು ಬಂದು ಈಗಿನದು ಹದಿನೈದನೆಯದು. ಅಣ್ಣ ಹಾನಗಲ್ಲ ಕಡೆಯವನು, ಹೋರಿಗಳ ನಡುವೆಯೇ ಬೆಳೆದವನು. ಕೊಂಬಿನ ಉದ್ದ ನೋಡಿ ಬೆರಗಾಗುತ್ತಾನೆ ಅಂದುಕೊಂಡಿದ್ದೆ. ಫೋನ್ ಮಾಡಿದವನೇ ಕೇಳಿದ್ದು ಇಷ್ಟು: "ತಮ್ಮಾ, ಇದು ಯಾರಿಗರ ಹಾಯ್ದ್ರ ಅಲ್ಲೆ ರೊಕ್ಕ ಯಾರು ಕೊಡ್ತಾರ?"

ನನಗೆ ಚುರುಕ್ ಅಂದಿತು. ಊರಿನಲ್ಲಿ ಹೋರಿ ಅವನಿಗೆ ಹಾಯ್ದಾಗ ಈ ಮಾತನ್ನು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಅಂದು ದೀಪಾವಳಿಯ ಹೋರಿ ಹಬ್ಬ, ಓಡುವ ಹೋರಿಗೆ ಕಟ್ಟಿದ ಕೊಬ್ಬರಿಯನ್ನು ಹರಿದುಕೊಳ್ಳುವ ಆಟ. ಅವನು ಕೊಬ್ಬರಿ ಹರಿಯಲು ಹೋದವನಲ್ಲ. ಹೊಲದಿಂದ ಬರುತ್ತ ಅಖಾಡದ ಅಂಚಿನಲ್ಲಿ ನಿಂತಿದ್ದ, ಅಷ್ಟೇ. ಬಲೂನು, ಜೂಲ ಕಟ್ಟಿಕೊಂಡ ಹೋರಿ ಜನ ಕಂಡು ದಿಕ್ಕು ಬದಲಿಸಿತು, ಕೊಂಬು ತೊಡೆಗೆ ಇಳಿಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ದೊಡ್ಡಪ್ಪ ಎರಡೆಕರೆ ಹೊಲ ಲಾವಣಿಗೆ, ಅಂದರೆ ಗೇಣಿಗೆ, ಹಾಕಿದ. ಹೋರಿಯ ಯಜಮಾನ ಮೂರನೇ ದಿನ ಬಾಳೆಹಣ್ಣು, ಐದು ಸಾವಿರ ರೂಪಾಯಿ ಹಿಡಿದು ಬಂದು ದೊಡ್ಡವ್ವನ ಕಾಲು ಮುಟ್ಟಿ ಹೋದ. ಹಬ್ಬದ ಕಮಿಟಿಯವರು "ಇವ ಯಾಕ ಅಲ್ಲಿ ನಿಂತಿದ್ದ?" ಅಂದರು. ಹಿರಿಯರಂತೂ ಮಾತು ಮುಗಿಸಿಯೇ ಬಿಟ್ಟರು: "ಹೋರಿ ಅಂದ್ರ ಬಸವಣ್ಣ. ಬಸವಣ್ಣನ ಮ್ಯಾಲೆ ಯಾರರ ಕೇಸ್ ಹಾಕ್ತಾರೇನು?" ಅದೇ ವರ್ಷ ಗೆದ್ದ ಹೋರಿಗೆ ಬೈಕು ಬಹುಮಾನ ಕೊಟ್ಟರು. ಅದಕ್ಕೆ ದುಡ್ಡಿತ್ತು.

ನಾನಿರುವ ಅಮೆರಿಕದಲ್ಲಿ ಮೊದಲು ಕೇಳುವುದೇ ರೊಕ್ಕ ಯಾರು ಕೊಡುತ್ತಾರೆ ಎಂಬ ಆ ಪ್ರಶ್ನೆ. 2019ರ ಜನವರಿ 1ರಂದು ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್ ಪಂದ್ಯಕ್ಕೆ ಮುಂಚೆ ಬೀವೋ, ಎದುರು ತಂಡ ಜಾರ್ಜಿಯಾದ ನಾಯಿ ಉಗಾ, ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಫೋಟೋ ತೆಗೆಯಲು ಹೊರಟರು. ಏಳುನೂರು ಕಿಲೋಗೂ ಮಿಕ್ಕಿದ ಎತ್ತು ಕಬ್ಬಿಣದ ತಡೆಗಳನ್ನು ಉರುಳಿಸಿ ನುಗ್ಗಿತು. ಫೋಟೋಗ್ರಾಫರ್‌ಗಳು ದಿಕ್ಕಾಪಾಲು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಆದರೂ ನನ್ನ ಆಫೀಸಿನಲ್ಲಿ ಮರುದಿನ ಊಟದ ಹೊತ್ತಿಗೆ ಚರ್ಚೆ ಶುರುವಾಗಿತ್ತು: ಒಬ್ಬನ ಕಾಲು ಮುರಿದಿದ್ದರೆ ಹೊಣೆ ಯಾರದು? ಎತ್ತನ್ನು ಸಾಕುವ ರಾಂಚ್‌ನವರದೋ, ಹಗ್ಗ ಹಿಡಿದು ನಿಲ್ಲುವ ಸಿಲ್ವರ್ ಸ್ಪರ್ಸ್ ವಿದ್ಯಾರ್ಥಿ ಸಂಘದ್ದೋ, ವಿಶ್ವವಿದ್ಯಾಲಯದ್ದೋ, ತಡೆ ಹಾಕಿದ ಸ್ಟೇಡಿಯಂನವರದೋ?

ಟೆಕ್ಸಾಸ್‌ನ ಕಾನೂನು ಕಾಡುಪ್ರಾಣಿಗೂ ಸಾಕುಪ್ರಾಣಿಗೂ ಗೆರೆ ಎಳೆಯುತ್ತದೆ. ಹುಲಿ ಸಾಕಿದವನು ಎಷ್ಟೇ ಎಚ್ಚರ ವಹಿಸಿದ್ದರೂ ಸಾಮಾನ್ಯವಾಗಿ ತಪ್ಪಿಸಿಕೊಳ್ಳುವಂತಿಲ್ಲ. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1936ರಿಂದ ಮೈಕ್ ಎಂಬ ಹೆಸರಿನ ಹುಲಿಗಳಿವೆ. ಈಗಿನ ಹುಲಿಯನ್ನು ಪಂದ್ಯಕ್ಕೆ ತರುವುದೇ ಇಲ್ಲ. ದನ, ನಾಯಿಗಳ ಮಾತು ಬೇರೆ. ಯಜಮಾನ ಅಜಾಗರೂಕನಾಗಿದ್ದ, ಇಲ್ಲವೇ ಅದಕ್ಕೆ ಹಾಯುವ ಚಾಳಿ ಇರುವುದು ಅವನಿಗೆ ಮೊದಲೇ ಗೊತ್ತಿತ್ತು ಎಂದು ತೋರಿಸಬೇಕು. 2019ರ ಆ ದೃಶ್ಯವನ್ನು ದೇಶವೇ ಟಿವಿಯಲ್ಲಿ ನೋಡಿದ ಮೇಲೆ "ನಮ್ಮ ಬೀವೋ ಪಾಪದ್ದು, ಗೊತ್ತಿರಲಿಲ್ಲ" ಎಂದು ಹೇಳುವವರು ಯಾರು? 2024ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಮೈದಾನದ ಅಂಚಿಗೆ ಅವನನ್ನು ಬಿಟ್ಟುಕೊಳ್ಳಲಿಲ್ಲ. ಜಾಗ ಸಾಲದು ಎಂದರು. ಅಭಿಮಾನಿಗಳು ಕೂಗಾಡಿದರು, ನನಗೆ ಮಾತ್ರ ಹೊಟ್ಟೆ ತಣ್ಣಗಾಯಿತು. ಪ್ರೀತಿ ಇಟ್ಟುಕೊಂಡೇ ದೂರ ನಿಲ್ಲಿಸಬಹುದು.

ನಮ್ಮಲ್ಲಿ ಕಾಯ್ದೆ ಇಲ್ಲವೆಂದಲ್ಲ. ಪ್ರಾಣಿಯನ್ನು ಹದ್ದುಬಸ್ತಿನಲ್ಲಿ ಇಡದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ ಇದೆ. ಆದರೆ ತೊಡೆ ಹೊಲಿಸಿಕೊಂಡವನು ಪರಿಹಾರ ಬೇಕೆಂದರೆ ಸಿವಿಲ್ ಕೋರ್ಟಿಗೆ ಅಲೆಯಬೇಕು, ಅದೂ ತನ್ನದೇ ಊರಿನವರ ವಿರುದ್ಧ. ಯಾವ ದೊಡ್ಡಪ್ಪ ಅಲೆಯುತ್ತಾನೆ? 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆಗೆ ನಮ್ಮ ಕಂಬಳಕ್ಕೆ ಅವಕಾಶ ಕೊಟ್ಟ ಕಾಯ್ದೆ ತಿದ್ದುಪಡಿಯನ್ನೂ ಎತ್ತಿಹಿಡಿದಾಗ ಊರಿನ ಗ್ರೂಪಿನಲ್ಲಿ ಪಟಾಕಿಯೋ ಪಟಾಕಿ. ನಾನೂ ಖುಷಿಪಟ್ಟೆ. ಅಷ್ಟು ವರ್ಷದ ವಾದವೆಲ್ಲ ಮುಖ್ಯವಾಗಿ ಪ್ರಾಣಿಗೆ ಹಿಂಸೆಯಾಗುತ್ತದೋ ಇಲ್ಲವೋ ಎಂಬುದರ ಸುತ್ತ. ಪಕ್ಕದಲ್ಲಿ ನಿಂತವನಿಗೆ ಬಡಿದರೆ ಏನು ಎಂದು ಗ್ರೂಪಿನಲ್ಲಿ ಬರೆದೆ, ಯಾರೂ ಉತ್ತರ ಕೊಡಲಿಲ್ಲ. ಬೈಕು ಬಹುಮಾನ ಇಡುವ ಕಮಿಟಿ ಅದರ ಜೊತೆಗೆ ಒಂದು ವಿಮೆ ಮಾಡಿಸಿದರೆ ಬಸವಣ್ಣನಿಗೆ ಅಪಚಾರವಾಗುತ್ತದೆಯೇ?

ಇಲ್ಲಿನದೆಲ್ಲ ಚಿನ್ನ ಎಂದೂ ಹೇಳಲಾರೆ. ಮಗಳನ್ನು ಕುದುರೆ ಸವಾರಿಗೆ ಕರೆದೊಯ್ದಾಗ ಬಾಗಿಲಲ್ಲೇ ದೊಡ್ಡ ಬೋರ್ಡು ಕಂಡಿತ್ತು: ಟೆಕ್ಸಾಸ್ ಕಾನೂನಿನ ಪ್ರಕಾರ ಇಲ್ಲಿನ ಸಹಜ ಅಪಾಯಗಳಿಂದ ಆಗುವ ಗಾಯಕ್ಕಾಗಲಿ, ಸಾವಿಗಾಗಲಿ ನಾವು ಹೊಣೆಯಲ್ಲ. ಸುಮ್ಮನೆ ನೋಡುತ್ತ ನಿಂತವರಿಗೆ ಆ ಮಾತು ಸಾಮಾನ್ಯವಾಗಿ ಅನ್ವಯಿಸದು, ಸವಾರಿ ಮಾಡುವವರಿಗೆ ಅನ್ವಯಿಸುತ್ತದೆ. ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ, ಕೈ ನಡುಗಿತು. ಸರ್ಕಾರಿ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡುವುದೂ ಸಲೀಸಲ್ಲ. ಹೂಡಲು ಅವಕಾಶ ಸಿಗುವುದೇ ಕೆಲವು ಸಂದರ್ಭಗಳಲ್ಲಿ. ಆರು ತಿಂಗಳೊಳಗೆ ನೋಟಿಸು ಮುಟ್ಟಬೇಕು. ಗೆದ್ದರೂ ಒಬ್ಬರಿಗೆ ಎರಡೂವರೆ ಲಕ್ಷ ಡಾಲರ್‌ಗಿಂತ ಹೆಚ್ಚಿಲ್ಲ.

ಇನ್ನೊಂದನ್ನೂ ಹೇಳಲೇಬೇಕು. ನನ್ನ ಸಹೋದ್ಯೋಗಿಯೊಬ್ಬರಿಗೆ ಪಕ್ಕದ ಮನೆಯ ನಾಯಿ ಕಚ್ಚಿತು. ವಿಮಾ ಕಂಪನಿಯಿಂದ ಪತ್ರ ಬಂತು, ಆಮೇಲೆ ಚೆಕ್ ಬಂತು. ಪಕ್ಕದ ಮನೆಯವರು ಮಾತ್ರ ಬರಲಿಲ್ಲ. "ಕ್ಷಮಿಸಿ" ಅಂದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂಬ ಹೆದರಿಕೆಯಂತೆ. ಹನ್ನೆರಡು ವರ್ಷದ ನೆರೆ, ಬೇಲಿಯಾಚೆಯಿಂದ ಕೈ ಬೀಸುವುದೂ ನಿಂತಿತು. ನಮ್ಮ ಹೋರಿಯ ಯಜಮಾನ ಈಗಲೂ ಬನ್ನಿ ಕೊಡಲು ದೊಡ್ಡಪ್ಪನ ಮನೆಗೆ ಬರುತ್ತಾನೆ. ಅಣ್ಣ ಕುಂಟುತ್ತಲೇ ಹೋಗಿ ಅದೇ ಹೋರಿಯ ಹಣೆ ಸವರಿ ಬರುತ್ತಾನೆ.

ಇದನ್ನೆಲ್ಲ ಅಣ್ಣನಿಗೆ ಫೋನಿನಲ್ಲಿ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾರ ನೀ ಬಂದಾಗ ಕಮಿಟಿಯವ್ರ ಮುಂದ ಇದನ್ನ ಹೇಳು. ನಾ ಹೇಳಿದ್ರ ರೊಕ್ಕದ ಆಸೆ ಅಂತಾರ" ಅಂದ.

ದೀಪಾವಳಿಗೆ ಟಿಕೆಟ್ ಮಾಡಿಸಿದ್ದೇನೆ.