ಚರಗದ ಡಬ್ಬಿ

ಎಳ್ಳ ಅಮಾವಾಸ್ಯೆ ಹತ್ತಿರ ಬಂತು ಅಂತ ತಿಳಿಯಲು ನಮ್ಮ ಓಣಿಯಲ್ಲಿ ಕ್ಯಾಲೆಂಡರ್ ನೋಡಬೇಕಿಲ್ಲ. ನಸುಕಿನಲ್ಲಿ ಹಾಸಿಗೆಯಲ್ಲೇ ಬಿದ್ದುಕೊಂಡು ಕಿವಿ ಕೊಟ್ಟರೆ ಸಾಕು. ಈ ಮನೆಯಿಂದ ಪಟ್ ಪಟ್, ಆ ಮನೆಯಿಂದ ಪಟ್ ಪಟ್. ಸಜ್ಜಿ ರೊಟ್ಟಿ ಬಡಿಯುವ ಸದ್ದು. ಮೇಲೆ ಎಳ್ಳು ಹಚ್ಚಿ, ಬೇಯಿಸಿ, ಆರಿಸಿ ಖಡಕ್ ಮಾಡಿಡುವ ಈ ರೊಟ್ಟಿ ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ. ಅವ್ವ, ವೈನಿ, ನನ್ನ ಹೆಂಡತಿ ಮೂವರೂ ನಾಲ್ಕು ದಿನ ಸರದಿ ಮೇಲೆ ಒಲೆ ಮುಂದೆ ಕೂರುತ್ತಾರೆ. ಬಿದಿರಿನ ಬುಟ್ಟಿ ತುಂಬುತ್ತದೆ. ಇನ್ನೊಂದು ಬುಟ್ಟಿ ಬರುತ್ತದೆ.

ಒಂದು ವರ್ಷ ನಾನೂ ಕೈ ಹಚ್ಚಿದೆ. ಬಡಿಯುತ್ತಾ ತಿರುಗಿಸಬೇಕು ಅನ್ನೋದು ಗೊತ್ತಿತ್ತು. ನಾನು ತಿರುಗಿದೆ, ರೊಟ್ಟಿ ತಿರುಗಲಿಲ್ಲ. ಹಂಚಿಗೆ ಹಾಕುವಷ್ಟರಲ್ಲಿ ಮೂರು ತುಂಡಾಯಿತು. "ಬಿಡೋ ಯಪ್ಪಾ, ಆಕಳಿಗೆ ಹಾಕಿದ್ರಾತು" ಅಂದಳು ಅವ್ವ. ಓಣಿಯ ಆಕಳೂ ಮೊದಲು ಮೂಸಿ ನೋಡಿಯೇ ಬಾಯಿ ಹಾಕಿತು. ಅವತ್ತಿನಿಂದ ರೊಟ್ಟಿ ಸ್ವಲ್ಪ ದಪ್ಪ ಆಯ್ತು, ಸೀದು ಹೋಯ್ತು ಅಂತ ನಾನು ಮಾತೆತ್ತಿಲ್ಲ.

2024ರಲ್ಲಿ ಈ ಅಮಾವಾಸ್ಯೆ ಎರಡು ಸಲ ಬಂತು. ಜನವರಿ 11ಕ್ಕೊಮ್ಮೆ, ಡಿಸೆಂಬರ್ 30ಕ್ಕೊಮ್ಮೆ. ನನ್ನ ಲೆಕ್ಕದಲ್ಲಿ ಒಂದೇ ವರ್ಷ ಎರಡು ಹಬ್ಬ, ಅವ್ವನ ಲೆಕ್ಕದಲ್ಲಿ ವರ್ಷಕ್ಕೊಂದೇ. ಜನವರಿಯ ಹಬ್ಬಕ್ಕೆ ಮನೆಯವರಷ್ಟೇ ಹೊಲಕ್ಕೆ ಹೋಗಿದ್ದೆವು. ಡಿಸೆಂಬರಿನದಕ್ಕೆ ನಾನು ಕಚೇರಿಯ ಹನ್ನೊಂದು ಜನರನ್ನು ಕರೆದೆ. ಸೋಮವಾರ, ರಜೆ ಏನೂ ಇಲ್ಲ. ಆದರೆ ವರ್ಷದ ಸಿ.ಎಲ್., ಅಂದರೆ ಸಾಂದರ್ಭಿಕ ರಜೆ, ಮುಗಿಯಲು ಒಂದೇ ದಿನ ಬಾಕಿ. ಮರುದಿನ ಕಳೆದರೆ ಉಳಿದ ಸಿ.ಎಲ್. ಗಾಳಿಗೆ ಹೋದಂತೆ. ಹಾಗಾಗಿ ಒಬ್ಬರೂ ಇಲ್ಲ ಅನ್ನಲಿಲ್ಲ. ಸಾಹೇಬರೂ ಅರ್ಧ ದಿನ ಬರೆದು ಹೊರಟರು.

ಕರೆಯಲು ನನಗೊಂದು ಕಾರಣ ಇತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಅಪ್ಪ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದ. ಲೆಕ್ಕಪತ್ರ ವಿಭಾಗದವರಿಗೆ ಮಾರ್ಚ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 31ರೊಳಗೆ ಬಿಲ್ಲು ಖಜಾನೆ ಮುಟ್ಟದಿದ್ದರೆ ಅನುದಾನ ವಾಪಸ್. ನನ್ನ ಪಕ್ಕದ ಮೇಜಿನ ಮೇಡಂ, ಮಂಡ್ಯ ಕಡೆಯವರು, ನನ್ನ ಫೈಲುಗಳನ್ನೆಲ್ಲ ತಮ್ಮ ಮೇಜಿಗೆ ಎಳೆದುಕೊಂಡು ಕೂತುಬಿಟ್ಟರು. ನಮ್ಮ ಸಿಪಾಯಿ ದಿನಾ ಸಂಜೆ ಮನೆಗೆ ಹೋಗುವಾಗ ಆಸ್ಪತ್ರೆಗೆ ಬಂದು, ಏನೂ ಮಾತಾಡದೆ, ಒಂದು ಥರ್ಮಾಸ್ ಚಹಾ ಇಟ್ಟು ಹೋಗುತ್ತಿದ್ದ. ಮೊದಲ ದಿನ ಎಷ್ಟಾಯ್ತು ಅಂತ ಕೇಳಿದೆ. ಅವನು ನೋಡಿದ ನೋಟಕ್ಕೆ ಮತ್ತೆ ಕೇಳಲಿಲ್ಲ.

ಇಂಥದ್ದಕ್ಕೆ ಏನು ಹೇಳುತ್ತಾರೆ? 'ಥ್ಯಾಂಕ್ಸ್' ಅಂದರೆ ಪೆನ್ನು ಕೊಟ್ಟವರಿಗೆ ಹೇಳಿದಂತೆ. 'ಧನ್ಯವಾದಗಳು' ಅಂದರೆ ಮುಂದೆ ಮೈಕ್ ಇರಬೇಕು, ಕೈಯಲ್ಲಿ ಹಾರ ಇರಬೇಕು. ಒಂಬತ್ತು ತಿಂಗಳು ನಾನು ಸುಮ್ನೆ ಇದ್ದೆ.

ನಮ್ಮ ಹೊಲ ವಿಜಯಪುರ ಕಡೆಯ ಡೋಣಿ ನದಿಯ ಸಾಲಿನಲ್ಲಿದೆ. ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಡಿಸೆಂಬರ್‌ನಲ್ಲಿ ಬಿರುಕಿನೊಳಗೆ ಕೈ ಹೋಗುತ್ತದೆ. ಆ ಮಣ್ಣಿನಲ್ಲೇ ಹಿಂಗಾರಿ ಜೋಳ ಎದೆಮಟ್ಟ ನಿಂತು ತೆನೆ ಹಿರಿಯುತ್ತಿತ್ತು. ಪಕ್ಕದಲ್ಲಿ ಕಡ್ಲಿ, ಅಂಚಿಗೆ ಕುಸುಬಿ. ಟ್ರ್ಯಾಕ್ಟರಿನಿಂದ ಇಳಿದ ಮೇಡಂ ಕಡ್ಲಿ ಗಿಡ ಸವರಿ ಬೆರಳು ನೆಕ್ಕಿ, "ಅಯ್ಯೋ, ಹುಳಿ ಇದೆ!" ಅಂದರು. ಅವರ ಮಗಳು ಆಮೇಲೆ ಊಟದ ತನಕ ಬೆರಳು ನೆಕ್ಕುವುದನ್ನು ಬಿಡಲಿಲ್ಲ.

ಬನ್ನಿ ಗಿಡದ ಕೆಳಗೆ ಐದು ಕಲ್ಲು. ಅವೇ ಪಾಂಡವರು. ಸುಣ್ಣ ಹಚ್ಚಿ, ಕುಂಕುಮ ಇಟ್ಟು, ಎಡೆ ಹಿಡಿದೆವು. ತೆನೆ ಬರುವ ಕಾಲದ ಭೂಮಿ ಬಸುರಿ ಇದ್ದಂತೆ, ಅವಳಿಗೆ ಬಯಕೆಯ ಊಟ ಕೊಡಬೇಕು ಅಂತ ಹಿರಿಯರು ಹೇಳುತ್ತಾರೆ. ಚರಗ ಅಂದರೆ ಅದೇ. ಹೋಳಿಗೆ, ಕಡುಬು, ರೊಟ್ಟಿ, ಪಲ್ಯ, ಅನ್ನ ಎಲ್ಲ ಕಲಸಿ ಬುಟ್ಟಿಯಲ್ಲಿ ಹಿಡಿದು ಹೊಲದ ತುಂಬ ಚೆಲ್ಲುವುದು. ಚರಗಕ್ಕೆ ಬಂದ ಹಕ್ಕಿ ಬೆಳೆಯ ಹುಳವನ್ನೂ ತಿಂದು ಹೋಗುತ್ತದೆ ಅಂತ ಇನ್ನೊಂದು ವಿವರಣೆ ಇದೆ. ಇರಬಹುದು.

ಚರಗ ಚೆಲ್ಲುವುದು ಯಾವತ್ತೂ ಅಪ್ಪನ ಕೆಲಸ. ಈ ಸಲ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ನಡುಗುತ್ತದೆ. ಬುಟ್ಟಿ ಹಿಡಿಯುವುದು ಹೇಗೆ? ನಾನು ಮುಂದೆ ಹೋಗುವಷ್ಟರಲ್ಲಿ ಸಿಪಾಯಿ ಪ್ಯಾಂಟು ಮೊಣಕಾಲಿಗೆ ಮಡಚಿ ಬುಟ್ಟಿ ಹೆಗಲಿಗಿಟ್ಟುಕೊಂಡು ಅಪ್ಪನ ಪಕ್ಕ ನಿಂತಿದ್ದ. "ನೀವು ಚೆಲ್ಲರಿ ಕಾಕಾ, ನಾ ಹಿಡಿತೇನಿ." ಅಪ್ಪ "ಹುಲ್ಲುಲ್ಲಿಗೋ" ಅಂತ ಕೂಗಿದ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. ಹಿಂದಿನಿಂದ ಉಳಿದ ಹತ್ತು ಜನ ಸರಕಾರಿ ನೌಕರರು ಅರ್ಥ ಗೊತ್ತಿಲ್ಲದೆಯೂ ಜೋರಾಗಿ ದನಿಗೂಡಿಸಿದರು. ಬದುವಿನ ಆಚೆಯ ಹೊಲದವರು ಎದ್ದು ನಿಂತು ನೋಡಿದರು. ಇಬ್ಬರೂ ಜೋಳದ ಸಾಲಿನೊಳಗೆ ಹೋದರು. ಸ್ವಲ್ಪ ಹೊತ್ತು ಬುಟ್ಟಿ ಮಾತ್ರ ತೆನೆಗಳ ಮೇಲೆ ತೇಲುತ್ತಾ ಹೋಗುವುದು ಕಾಣುತ್ತಿತ್ತು.

ಊಟಕ್ಕೆ ಗೋಣಿಚೀಲ ಹಾಸಿದೆವು. ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಮಡಕಿಕಾಳು, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಮೊಸರು. ಅವ್ವ ಒಮ್ಮೆ "ಇನ್ನೊಂದ ರೊಟ್ಟಿ" ಅಂದರೆ ಗೋಳಗುಮ್ಮಟದ ಒಳಗೆ ಕೂಗಿದ ಹಾಗೆ ಏಳು ಸಲ ಕೇಳಿಸುತ್ತದೆ. ಸಾಹೇಬರು ಎಲೆಗೆ ಅಡ್ಡ ಕೈ ಇಟ್ಟು ಬ್ಯಾಡ ಬ್ಯಾಡ ಅನ್ನುತ್ತಿದ್ದರೆ, ಸಿಪಾಯಿ ಆ ಕೈಯನ್ನೇ ಮೆಲ್ಲಗೆ ಸರಿಸಿ ಹೋಳಿಗೆ ಹಾಕಿದ. ಕಚೇರಿಯಲ್ಲಿ ಸಾಹೇಬರ ಮಾತು ಮೀರಿದವರನ್ನು ನಾನು ಕಂಡಿಲ್ಲ.

ನಾನು ಮೇಡಂ ಎದುರಿಗೆ ಕೂತಿದ್ದೆ. ಹೇಳಬೇಕಾದ ಮಾತನ್ನು ಟ್ರ್ಯಾಕ್ಟರಿನಲ್ಲೇ ಜೋಡಿಸಿಕೊಂಡು ಬಂದಿದ್ದೆ. ಗಂಟಲು ಸರಿ ಮಾಡಿಕೊಂಡೆ. ಬಾಯಿಂದ ಬಂದಿದ್ದು, "ಮೇಡಂ, ಚಟ್ನಿ ಖಾರ ಆತೇನ್ರಿ?"

"ಇಲ್ಲ ಸಾರ್, ತುಂಬಾ ಚೆನ್ನಾಗಿದೆ" ಅಂದರು. ಕಣ್ಣಲ್ಲಿ ನೀರಿತ್ತು. ಖಾರಕ್ಕೇ ಇರಬೇಕು.

ಹೊರಡುವಾಗ ಅವ್ವ ಅವರ ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟಳು. ತಳಕ್ಕೆ ಗುರೆಳ್ಳು ಚಟ್ನಿ, ಮೇಲೆ ಕಾಗದ ಹಾಸಿ ನಾಲ್ಕು ಎಳ್ಳು ಹೋಳಿಗೆ. "ಆಸ್ಪತ್ರ್ಯಾಗ ಇದ್ದಾಗ ನಮ್ಮ ಹುಡುಗಂದು ಎಲ್ಲಾ ನೀವ ನೋಡಿಕೊಂಡ್ರೆಂತ ಅಲ್ಲವಾ" ಅಂದಳು. ಅಷ್ಟೇ. ನಾನು ಒಂಬತ್ತು ತಿಂಗಳಿಂದ ಹುಡುಕುತ್ತಿದ್ದ ಮಾತು, ಡಬ್ಬಿಯ ಮುಚ್ಚಳ ಒತ್ತುತ್ತಾ ಹೇಳಿಬಿಟ್ಟಳು.

ಸಂಕ್ರಾಂತಿ ಕಳೆದ ಮೇಲೆ ಡಬ್ಬಿ ವಾಪಸ್ ಬಂತು. ಖಾಲಿ ಬರಲಿಲ್ಲ. ಒಳಗೆ ಎಳ್ಳು ಬೆಲ್ಲ, ಕೊಬ್ಬರಿ, ಮೇಲೊಂದು ಸಕ್ಕರೆ ಅಚ್ಚು, ಬಾಲ ಮುರಿದ ನವಿಲು. ನಮ್ಮ ಕಡೆ ಸಂಕ್ರಾಂತಿಗೆ ಕುಸುರೆಳ್ಳು, ಅವರ ಕಡೆ ಇದು. ಅಪ್ಪ ನವಿಲಿನ ಕತ್ತು ಮುರಿದು ಬಾಯಿಗೆ ಹಾಕಿಕೊಂಡ. ಡಾಕ್ಟರು ಸಿಹಿ ಬೇಡ ಅಂದಿದ್ದನ್ನು ಯಾರೂ ನೆನಪು ಮಾಡಲಿಲ್ಲ.

ಅವ್ವ ಮಾತ್ರ ಡಬ್ಬಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಡಬ್ಬಿ ನಮ್ಮದ. ಮುಚ್ಚಳ ಅವರ ಮನೀದು ಬಂದೈತಿ."

"ನಾಳೆ ಕಚೇರಿಗೆ ಒಯ್ದು ಕೊಡ್ತೇನಿ ತಗೋ" ಅಂದೆ.

"ಬರೇ ಮುಚ್ಚಳ ಹೆಂಗ ಕೊಡೂದು?" ಅಂದವಳೇ ಶೇಂಗಾ ಹುರಿಯಲು ಎದ್ದಳು.