ಅದು ಬರ್ಚ್ ಅಲ್ಲ, ಚೆರ್ರಿ ತೊಗಟೆ

ನಿಮ್ಮ ಲೇಖನ ಇಷ್ಟವಾಯ್ತು, ಒಂದು ತಿದ್ದುಪಡಿ ಮಾತ್ರ ಬೇಕು. ಡಬ್ಬಿಯಂಥ ವಸ್ತುಗಳಿಗೆ ಮರದ ತೊಗಟೆ ಹೊದಿಸುವ ಜಪಾನಿನ ಕರಕುಶಲ ಕಲೆ ಕಬಝೈಕುವನ್ನು ಬರ್ಚ್ ಮರದ ತೊಗಟೆಯ ಕೆಲಸ ಅಂತ ಬರೆದಿದ್ದೀರಿ. ಹೆಸರಲ್ಲಿರುವ ‘ಕಬ’ಕ್ಕೆ ಅಲ್ಲಿ ಈಗ ಬರ್ಚ್ ಎಂದೇ ಅರ್ಥ, ಹಾಗಾಗಿ ಯಾರಾದರೂ ಎಡವುವ ಜಾಗವೇ. ಆದರೆ ಬಳಸೋದು ಕಾಡು ಚೆರ್ರಿಯ ತೊಗಟೆ.

ಅಕಿತಾ ಪ್ರಾಂತ್ಯದ ಕಾಕುನೊದಾತೆಯಲ್ಲಿ 18ನೇ ಶತಮಾನದ ಕೊನೆಗೆ ಕೆಳದರ್ಜೆಯ ಸಮುರಾಯಿ ಯೋಧರು ಹೊಟ್ಟೆಪಾಡಿಗೆ ಹಿಡಿದ ಉಪಕಸುಬು ಇದು. (ಸಮುರಾಯಿ ಅಂದರೆ ಬರೀ ಕತ್ತಿ ವರಸೆ ಅಂದುಕೊಂಡವರು ಗಮನಿಸಿ!) 1976ರಲ್ಲಿ ಜಪಾನ್ ಸರ್ಕಾರ ಇದನ್ನು ಸಾಂಪ್ರದಾಯಿಕ ಕರಕುಶಲ ಕಲೆ ಅಂತ ಅಧಿಕೃತವಾಗಿ ಗುರುತಿಸಿತು.

ಇದನ್ನು ಮಾಡುವ ಬಗೆಯನ್ನು ನೀವು ಒಂದೇ ಸಾಲಲ್ಲಿ ಮುಗಿಸಿದ್ದೀರಿ, ನಿಜವಾದ ಸೊಗಸು ಇರೋದು ಅಲ್ಲೇ. ಒರಟು ಮೇಲ್ಪದರವನ್ನು ಕತ್ತಿಯಿಂದ ಹೆರೆದರೆ ಒಳಗಿನ ಕೆಂಗಂದು ಹೊಳಪು ಬರುತ್ತೆ. ಪ್ರಾಣಿಜನ್ಯ ಅಂಟು ಹಚ್ಚಿ, ಕಾಯಿಸಿದ ಕಬ್ಬಿಣದಿಂದ ಒತ್ತಿ ಒತ್ತಿ ಕೂರಿಸುತ್ತಾರೆ. ಕಾವು ಹೆಚ್ಚಾದರೆ ತೊಗಟೆ ಸುಡುತ್ತೆ, ಕಡಿಮೆಯಾದರೆ ಅಂಟು ಹಿಡಿಯಲ್ಲ. ಆ ಹದ ಕೈಗೇ ಗೊತ್ತಾಗಬೇಕು.

ನಮ್ಮನೇಲಿ ಇಂಥದ್ದೊಂದು ಚಹಾ ಡಬ್ಬಿ ಇದೆ, ಭಾವ ತಂದುಕೊಟ್ಟಿದ್ದು. ಹೊರಮುಚ್ಚಳ ಇಟ್ಟರೆ ತಾನಾಗೇ ಮೆಲ್ಲಗೆ ಕೆಳಗಿಳಿದು ಕೂರುತ್ತೆ. ಚೆರ್ರಿ ತೊಗಟೆಯಲ್ಲಿರುವ ಅಡ್ಡಡ್ಡ ಗೀರುಗಳು ಅದರ ಮೈಮೇಲೆ ಹಾಗೇ ಕಾಣುತ್ತವೆ. ಮುಟ್ಟಿದಷ್ಟೂ ಹೊಳಪು ಏರುತ್ತೆ ಅನ್ನೋದು ಸುಳ್ಳಲ್ಲ. ನಮ್ಮಮ್ಮ ಅದಕ್ಕೆ ಕಾಫಿಪುಡಿ ತುಂಬಿಸಿಟ್ಟಿದ್ದಾರೆ, ಅದು ಬೇರೆ ಕಥೆ.