ಸಹಿ ಹಾಕಿ ರಾಜೀನಾಮೆ ಕೊಡಬೇಡಿ: ಜರ್ಮನಿಯ ಸ್ಟುಟ್‌ಗಾರ್ಟಿನಿಂದ ಕೆಲಸ ಹುಡುಕುವವರಿಗೆ

ಬೆಂಗಳೂರಿನಲ್ಲಿ ಕೆಲಸ ಹುಡುಕುವುದೆಂದರೆ ಓಟ. ಬೆಳಗಾದರೆ ಕೆಲಸ ಹುಡುಕುವ ಜಾಲತಾಣ ನೌಕ್ರಿಯಲ್ಲಿ ಪ್ರೊಫೈಲ್ ಅಪ್‌ಡೇಟ್ ಮಾಡಬೇಕು, ಹಳೇ ಟೀಮಿನವರಿಗೆಲ್ಲ ರೆಫರಲ್ ಕೇಳಿ ವಾಟ್ಸ್‌ಆ್ಯಪ್ ಮಾಡಬೇಕು, ‘ಇಮಿಡಿಯೇಟ್ ಜಾಯ್ನರ್’ ಅಂತ ಹಾಕಿಕೊಳ್ಳಬೇಕು, ಒಂದು ಆಫರ್ ತೋರಿಸಿ ಇನ್ನೊಂದನ್ನು ಏರಿಸಬೇಕು. ಅಲ್ಲಿ ಅದು ನಡೆಯುತ್ತದೆ. ಅದೇ ರೂಢಿಯನ್ನು ಜರ್ಮನಿಗೆ ತಂದವರು ಈಗ ತಿಂಗಳುಗಟ್ಟಲೆ ಕಾಯುತ್ತಾ ಕೂತಿದ್ದಾರೆ.

ಕಾಲವೂ ಕೆಟ್ಟದ್ದೇ. 2023, 2024 ಎರಡೂ ವರ್ಷ ಇಲ್ಲಿನ ಆರ್ಥಿಕತೆ ಕುಗ್ಗಿತು; 2025ರ ಆಗಸ್ಟಿನಲ್ಲಿ ನಿರುದ್ಯೋಗಿಗಳ ಸಂಖ್ಯೆ ಹತ್ತು ವರ್ಷದಲ್ಲಿ ಮೊದಲ ಸಲ 30 ಲಕ್ಷ ದಾಟಿತು. ಕಾರು ಕಂಪನಿಗಳು ಖರ್ಚು ಇಳಿಸಿದಾಗ ಮೊದಲು ಕತ್ತರಿ ಬೀಳುವುದು ಗುತ್ತಿಗೆಗೆ ಜನರನ್ನು ಒದಗಿಸುವ ಸರ್ವೀಸ್ ಕಂಪನಿಗಳ ಮೂಲಕ ಕೂತಿರುವ ಎಂಬೆಡೆಡ್, ಟೆಸ್ಟಿಂಗ್ ಎಂಜಿನಿಯರುಗಳಿಗೆ. ನಮ್ಮವರು ಹೆಚ್ಚಾಗಿರುವುದೂ ಅಲ್ಲೇ. ಆ ಕೆಲಸದಲ್ಲಿ ಒಂದಷ್ಟು ಬೆಂಗಳೂರಿನ ಕಚೇರಿಗಳಿಗೇ ಹೋಗುತ್ತಿದೆ ಅನ್ನುವುದು ಬೇರೆ ಮಾತು.

ದೊಡ್ಡ ನಷ್ಟ ಆಗುವುದು ಹುಡುಕಾಟ ಶುರುವಾಗುವ ಮೊದಲೇ. ಬೆಂಗಳೂರಿನಲ್ಲಿ ಎಚ್‌ಆರ್ ಕರೆದು ‘ನೀವೇ ರಾಜೀನಾಮೆ ಕೊಡಿ, ರಿಲೀವಿಂಗ್ ಲೆಟರ್ ಕ್ಲೀನಾಗಿರುತ್ತೆ’ ಅಂದರೆ ಹೆಚ್ಚಿನವರು ಕೊಟ್ಟುಬಿಡುತ್ತಾರೆ. ಆ ಕಾಗದವಿಲ್ಲದೆ ಮುಂದಿನ ಕಂಪನಿಯ ವೆರಿಫಿಕೇಶನ್ ದಾಟುವುದು ಕಷ್ಟ ಅನ್ನುವ ಭಯ. ಜರ್ಮನಿಯಲ್ಲಿ ಹಾಗೆ ಕೊಟ್ಟರೆ, ಅಥವಾ ‘ಪರಸ್ಪರ ಒಪ್ಪಂದದಿಂದ ಕೆಲಸ ಮುಗಿಸುತ್ತಿದ್ದೇವೆ’ ಅನ್ನುವ ಕಾಗದಕ್ಕೆ ಸಹಿ ಹಾಕಿದರೆ, ನಿರುದ್ಯೋಗ ಭತ್ಯೆಯನ್ನು ಸಾಮಾನ್ಯವಾಗಿ 12 ವಾರ ತಡೆಹಿಡಿಯುತ್ತಾರೆ. ಭತ್ಯೆಯೇನು ಸಣ್ಣದಲ್ಲ: ಕೈಗೆ ಬರುತ್ತಿದ್ದ ಸಂಬಳದ ಸುಮಾರು 60 ಶೇಕಡಾ, ಮಗುವಿದ್ದರೆ 67. ಕಳೆದ 30 ತಿಂಗಳಲ್ಲಿ 12 ತಿಂಗಳು ನಿರುದ್ಯೋಗ ವಿಮೆ ಕಟ್ಟಿದ್ದರೆ ಆರು ತಿಂಗಳು ಸಿಗುತ್ತದೆ, 24 ತಿಂಗಳು ದುಡಿದಿದ್ದರೆ ಒಂದು ವರ್ಷ. ಊರಿನ ಐಟಿ ನೌಕರನಿಗೆ ಈ ಹೊತ್ತಿನಲ್ಲಿ ಇರುವುದು ಹೆಚ್ಚಾಗಿ ಪಿಎಫ್ ಹಣ.

ಕೆಲಸದಿಂದ ತೆಗೆಯುವ ನೋಟಿಸ್ ಕಾಗದದ ಮೇಲೆ, ಶಾಯಿಯ ಸಹಿಯೊಂದಿಗೆ ಬರಬೇಕು. ಇಮೇಲಿನಲ್ಲಿ ಕಳಿಸಿದ್ದು ಊರ್ಜಿತವಲ್ಲ. ಕೈಗೆ ಬಂದ ತಾರೀಖನ್ನು ಲಕೋಟೆಯ ಮೇಲೆಯೇ ಬರೆದಿಟ್ಟುಕೊಳ್ಳಿ, ಮುಂದಿನ ಗಡುವೆಲ್ಲ ಅಲ್ಲಿಂದ ಎಣಿಕೆ. ಕೆಲಸ ಮುಗಿಯಲು ಮೂರು ತಿಂಗಳಿಗಿಂತ ಕಡಿಮೆ ಇದ್ದರೆ ಮೂರು ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ‘ಕೆಲಸ ಹುಡುಕುತ್ತಿದ್ದೇನೆ’ ಎಂದು ನೋಂದಾಯಿಸಬೇಕು, ಆನ್‌ಲೈನಿನಲ್ಲೂ ಆಗುತ್ತದೆ. ತಡವಾದರೆ ಒಂದು ವಾರದ ಭತ್ಯೆ ಹೋಗುತ್ತದೆ. ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವುದಿದ್ದರೆ ಮೂರು ವಾರ, ಅದಾದ ಮೇಲೆ ಬಾಗಿಲು ಮುಚ್ಚಿದ ಹಾಗೆ. ಕೋರ್ಟು ಅಂದ ಕೂಡಲೇ ನಮ್ಮವರು ಬೆಚ್ಚುತ್ತಾರೆ. ಕೆಲಸಕ್ಕೆ ಸೇರಿ ಆರು ತಿಂಗಳು ದಾಟಿದ್ದು, ಕಂಪನಿಯಲ್ಲಿ ಹತ್ತಕ್ಕಿಂತ ಹೆಚ್ಚು ಜನ ಇದ್ದರೆ ಇಲ್ಲಿ ಅದು ಮಾಮೂಲಿ ಹೆಜ್ಜೆ. ಎಷ್ಟೋ ದಾವೆಗಳು ಪರಿಹಾರದ ಮೊತ್ತಕ್ಕೆ ರಾಜಿಯಾಗಿ ಮುಗಿಯುತ್ತವೆ. ಬ್ಲೂ ಕಾರ್ಡಿನವರು, ಅಂದರೆ ಪರಿಣತ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ ಇರುವವರು, ಕೆಲಸ ಹೋದದ್ದನ್ನು ಎರಡು ವಾರದೊಳಗೆ ವಿದೇಶಿಯರ ಕಚೇರಿಗೂ ತಿಳಿಸಬೇಕು.

ಇನ್ನು ಅರ್ಜಿ. ದಿನಕ್ಕೆ ಐವತ್ತು ಕಡೆ ಒಂದೇ ರೆಸ್ಯೂಮೆ ಒತ್ತುವುದು ಇಲ್ಲಿ ಶುದ್ಧ ವ್ಯರ್ಥ. ವಾರಕ್ಕೆ ಐದಾರು ಸಾಕು, ಆದರೆ ಕಡತ ಪೂರ್ತಿ ಇರಬೇಕು: ಒಂದು ಪುಟದ ಪತ್ರ, ಓದು-ಕೆಲಸದ ಎರಡು ಪುಟದ ವಿವರ, ಹಿಂದೆ ಅಂಕಪಟ್ಟಿ ಮತ್ತು ಕೆಲಸದ ಪ್ರಮಾಣಪತ್ರಗಳು, ಎಲ್ಲ ಸೇರಿ ಒಂದೇ ಪಿಡಿಎಫ್. ಪ್ರತಿ ಕೆಲಸಕ್ಕೂ ತಿಂಗಳು-ವರ್ಷ ಹಾಕಿ. ನಾಲ್ಕು ತಿಂಗಳು ಖಾಲಿ ಇದ್ದರೆ ಅದಕ್ಕೂ ಒಂದು ಸಾಲು ಬರೆಯಿರಿ. ಬರೆಯದಿದ್ದರೆ ಮೊದಲ ಪ್ರಶ್ನೆ ಅದೇ. ವೀಸಾ ಯಾವುದು, ಯಾವಾಗಿನವರೆಗೆ ಅನ್ನುವುದು ಮೇಲುಗಡೆಯೇ ಇರಲಿ. ತಂದೆಯ ಹೆಸರು ಬೇಡ, ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆಯೂ ಬೇಡ. ಜಾಹೀರಾತು ಜರ್ಮನ್‌ನಲ್ಲಿದ್ದರೆ ಅರ್ಜಿಯೂ ಜರ್ಮನ್‌ನಲ್ಲಿ.

ಎಲ್ಲಕ್ಕಿಂತ ನಮ್ಮವರು ಎಡವುವುದು ಕೆಲಸದ ಪ್ರಮಾಣಪತ್ರದಲ್ಲಿ. ಇಲ್ಲಿ ಕೆಲಸ ಬಿಡುವ ಪ್ರತಿಯೊಬ್ಬರಿಗೂ ಮಾಡಿದ ಕೆಲಸ, ನಡೆದುಕೊಂಡ ರೀತಿ ಎರಡನ್ನೂ ಬರೆದ ಪತ್ರ ಪಡೆಯುವ ಹಕ್ಕಿದೆ. ಅದರ ಭಾಷೆಗೆ ಒಳಲೆಕ್ಕ ಇದೆ: ‘ಸದಾ ನಮಗೆ ಸಂಪೂರ್ಣ ತೃಪ್ತಿಯಾಗುವಂತೆ’ ಅಂದರೆ ಒಳ್ಳೆಯ ಅಂಕ, ‘ಸದಾ’ ಬಿಟ್ಟುಹೋದರೆ ಸಾಧಾರಣ, ‘ಪ್ರಯತ್ನಪಟ್ಟರು’ ಅಂತಿದ್ದರೆ ಫೇಲು. ಓದಲು ಬರದಿದ್ದರೆ ತಿಳಿದವರಿಗೆ ತೋರಿಸಿ, ತಿದ್ದಿಸಿಕೊಳ್ಳಲು ಕೇಳಬಹುದು. ಬೆಂಗಳೂರಿನ ಎಕ್ಸ್‌ಪೀರಿಯನ್ಸ್ ಲೆಟರಿನಲ್ಲಿ ಇರುವುದು ಎರಡು ತಾರೀಖು, ಒಂದು ಹುದ್ದೆ ಮಾತ್ರ. ಇಲ್ಲಿನವರ ಕಣ್ಣಿಗೆ ಅದು ಏನನ್ನೋ ಮುಚ್ಚಿಟ್ಟ ಹಾಗೆ ಕಾಣುತ್ತದೆ. ಊರಿನಲ್ಲಿ ಕೆಲಸ ಬಿಡುವ ಮೊದಲೇ ಮ್ಯಾನೇಜರ್ ಹತ್ತಿರ ಲೆಟರ್‌ಹೆಡ್ಡಿನ ಮೇಲೆ ಒಂದು ಪುಟ ಬರೆಸಿಕೊಳ್ಳಿ: ಯಾವ ಪ್ರಾಜೆಕ್ಟ್, ಯಾವ ಟೂಲ್, ಎಷ್ಟು ಜನರ ಟೀಮ್, ನಿಮ್ಮ ಪಾಲು ಏನು. ಬಿಟ್ಟು ಎರಡು ವರ್ಷವಾದ ಮೇಲೆ ಆ ಮ್ಯಾನೇಜರೂ ಅಲ್ಲಿರುವುದಿಲ್ಲ.

ಸಂಬಳದ ಮಾತು ಇಲ್ಲಿ ನೇರ. ವರ್ಷಕ್ಕೆ ಇಷ್ಟು ಎಂದು ತೆರಿಗೆಗೆ ಮುಂಚಿನ ಒಂದು ಅಂಕಿ ಬರೆಯಬೇಕು. ಹಳೆಯ ಸಿಟಿಸಿ (ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಮೇಲೆ 30 ಶೇಕಡಾ ಅನ್ನುವ ಲೆಕ್ಕ, ಮೂರು ತಿಂಗಳ ಪೇಸ್ಲಿಪ್, ಇವೆಲ್ಲ ಬೆಂಗಳೂರಿನ ಶಾಪ. ಅದು ಅಲ್ಲಿಂದ ತೊಲಗಿದರೆ ಒಳ್ಳೆಯದು. ಕಂಪನಿ ಲೋಹ ಕಾರ್ಮಿಕ ಸಂಘದ ಒಪ್ಪಂದದಲ್ಲಿದ್ದರೆ ದರ್ಜೆವಾರು ಸಂಬಳದ ಪಟ್ಟಿ ಬಹಿರಂಗವಾಗಿಯೇ ಸಿಗುತ್ತದೆ, ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 17 ದರ್ಜೆ. ಅದನ್ನು ನೋಡಿ ಅಂಕಿ ಹೇಳಿ. ‘ನಾಳೆಯೇ ಸೇರುತ್ತೇನೆ’ ಅನ್ನುವುದಕ್ಕೆ ಇಲ್ಲಿ ಬೆಲೆ ಕಡಿಮೆ. ಮೂರು ತಿಂಗಳ ನೋಟಿಸ್ ಎಲ್ಲರಿಗೂ ಅಭ್ಯಾಸವಾಗಿದೆ.

ಇನ್ನೂ ಕೆಲಸ ಕೈಯಲ್ಲಿರುವವರು ಮೊದಲು ಬಿ1, ಅಂದರೆ ಮಧ್ಯಮ ಹಂತದ ಜರ್ಮನ್ ಪರೀಕ್ಷೆ ಮುಗಿಸಿ. ಬ್ಲೂ ಕಾರ್ಡಿನಲ್ಲಿ ದುಡಿದು 21 ತಿಂಗಳಾದರೆ ಬಿ1 ಇದ್ದವರು ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಆರಂಭದ ಹಂತವಾದ ಎ1 ಮಾತ್ರ ಇದ್ದರೆ 27 ತಿಂಗಳು. ಕೆಲಸ ಹೋದ ಮೇಲೆ ಆ ಅರ್ಜಿ ನಿಲ್ಲುವುದು ಕಷ್ಟ. ಬೆಂಗಳೂರಿನ ಕೆಲಸ ಬಿಟ್ಟು ಆಪರ್ಚುನಿಟಿ ಕಾರ್ಡಿನಲ್ಲಿ (ಇಲ್ಲಿಗೆ ಬಂದು ಕೆಲಸ ಹುಡುಕಲು ಕೊಡುವ ಪರವಾನಗಿ) ಬರುವ ಯೋಚನೆಯವರಿಗೆ: 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೊ, ಅಂದರೆ ವರ್ಷಕ್ಕೆ 13,000 ಯೂರೊ ಮೇಲೆ ಖರ್ಚಿಗೆ ಇದೆ ಎಂದು ತೋರಿಸಬೇಕು, ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಜರ್ಮನ್ ಬರದೆ ಈ ವರ್ಷ ಅದಕ್ಕೆ ಕೈ ಹಾಕಬೇಡಿ. ವೀಸಾ ಏಜೆನ್ಸಿಯವರು ಇದನ್ನು ಹೇಳುವುದಿಲ್ಲ.

ಊರಿನ ಒಂದು ಅಭ್ಯಾಸವನ್ನು ಮಾತ್ರ ಬಿಡಬೇಡಿ, ಸಂಕೋಚವಿಲ್ಲದೆ ಕೇಳುವುದು. ಜರ್ಮನ್ ಜಾಹೀರಾತಿನ ಕೆಳಗೆ ಬಹಳ ಸಲ ಒಬ್ಬರ ಹೆಸರು, ಫೋನ್ ನಂಬರ್ ಇರುತ್ತದೆ. ನಮ್ಮವರು ಅದನ್ನು ಅಲಂಕಾರ ಅಂದುಕೊಂಡು ಬಿಟ್ಟುಬಿಡುತ್ತಾರೆ. ಫೋನ್ ಮಾಡಿ, ಎರಡೇ ಪ್ರಶ್ನೆ ಕೇಳಿ: ಹುದ್ದೆ ಹೊಸದೋ, ಯಾರಾದರೂ ಬಿಟ್ಟುಹೋದದ್ದೋ; ದಿನದ ಕೆಲಸದಲ್ಲಿ ಜರ್ಮನ್ ಎಷ್ಟು ಬೇಕು. ಪತ್ರದ ಮೊದಲ ಸಾಲಿನಲ್ಲಿ ಆ ಮಾತುಕತೆಯ ತಾರೀಖು ಬರೆಯಿರಿ. ಬೆಳಿಗ್ಗೆ ಒಂಬತ್ತರ ಮೇಲೆ ಸಿಗುತ್ತಾರೆ, ಶುಕ್ರವಾರ ಮಧ್ಯಾಹ್ನದ ನಂತರ ಪ್ರಯತ್ನಿಸಬೇಡಿ.